ಪಂಚಾಕ್ಷರಪ್ಪನವರ ನೀಲಿ ಗಾಜು

ಪಂಚಾಕ್ಷರಪ್ಪನವರ ಪರಿಚಯ ನನಗೆ ಆದದ್ದು ಒಂದು ಕರಿಬಟ್ಟೆಯಿಂದ. ನಾನು ಎಂಟನೇ ತರಗತಿಗೆ ಶಾಲೆ ಬಿಟ್ಟಮೇಲೆ ನನ್ನನ್ನು ಶಿಕಾರಿಪುರದ ಶಕುಂತಲಮ್ಮನವರ ಮನೆಯಲ್ಲಿ ಹೊಲಿಗೆ ಕಲಿಯಲು ಬಿಟ್ಟಿದ್ದರು. ಅವರ ಮನೆಯ ಎದುರಿಗೇ ಪಂಚಾಕ್ಷರಪ್ಪನವರ ಫೋಟೋ ಸ್ಟುಡಿಯೋ. ಒಂದು ಬೆಳಿಗ್ಗೆ ಅವರು ರಸ್ತೆ ದಾಟಿ ಬಂದು, ಕ್ಯಾಮೆರಾದ ಹಿಂದೆ ತಲೆಯ ಮೇಲೆ ಹೊದ್ದುಕೊಳ್ಳುವ ಕರಿಬಟ್ಟೆಯನ್ನು ಹೊಲಿಗೆ ಯಂತ್ರದ ಮೇಲೆ ಇಟ್ಟರು.

"ಹಳೇದಾಗೇತಿ. ಹಂಗಂತ ಹೊಸದು ಬ್ಯಾಡ. ಒಂದು ಸೂಜಿ ತೂತಿನಷ್ಟು ಬೆಳಕೂ ಒಳಗೆ ಬರಬಾರ್ದು, ಹಂಗೆ ಹೊಲಿದು ಕೊಡವ್ವ," ಎಂದರು.

ನಾನು ಎರಡು ದಿನ ತೆಗೆದುಕೊಂಡೆ. ಒಂದೊಂದು ಗೇಣು ಹೊಲಿದಾಗಲೂ ಬಟ್ಟೆಯನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದೆ. ಕೊಡುವಾಗ ಅವರೂ ಹಾಗೆಯೇ ಬಿಸಿಲಿಗೆ ಹಿಡಿದು, ಮೂಲೆಯಿಂದ ಮೂಲೆಗೆ ನೋಡಿ, "ಇದು ಕೆಲಸ," ಎಂದರು. ನನಗೆ ಅಷ್ಟು ದೊಡ್ಡ ಮಾತನ್ನು ಅದಕ್ಕೆ ಮೊದಲು ಯಾರೂ ಹೇಳಿರಲಿಲ್ಲ. ಆಮೇಲೆ ಬಿಡುವಾದಾಗ ಸ್ಟುಡಿಯೋದ ಮೆಟ್ಟಿಲ ಮೇಲೆ ಕುಳಿತು ಅವರ ಮಾತು ಕೇಳುವುದು ಅಭ್ಯಾಸವಾಯಿತು. ಇಲ್ಲಿ ಬರೆದದ್ದರಲ್ಲಿ ಮೊದಲ ಭಾಗ ಅವರೂ ಅವರ ಹೆಂಡತಿ ನೀಲಾಂಬಿಕಮ್ಮನವರೂ ಹೇಳಿದ್ದು, ಉಳಿದದ್ದು ನಾನು ಕಣ್ಣಾರೆ ಕಂಡದ್ದು. ಎರಡನ್ನೂ ಬೆರೆಸದಂತೆ ಎಚ್ಚರ ವಹಿಸಿದ್ದೇನೆ.

ಅವರಿಗೆ ಆಗ ಐವತ್ತೈದು ವರ್ಷ. ತೆಳ್ಳಗಿನ ಮೈ, ಹಣೆಯ ಮೇಲೆ ವಿಭೂತಿ, ಬೆರಳ ತುದಿಗಳೆಲ್ಲ ಪಟ ತೊಳೆಯುವ ಔಷಧಿಯ ನೀರಿಗೆ ಕಂದಿ ಹೋದವು. ಕೊರಳಲ್ಲಿ ಒಂದು ಕರಿದಾರ, ಅದರ ತುದಿಗೆ ಹಿತ್ತಾಳೆಯ ಚೌಕಟ್ಟಿನಲ್ಲಿ ಒಂದು ರೂಪಾಯಿ ಅಗಲದ ನೀಲಿ ಗಾಜು. ಯಾರೇ ಪಟ ತೆಗೆಸಲು ಬಂದರೂ ಅವರು ಮೊದಲು ಆ ಗಾಜನ್ನು ಕಣ್ಣಿಗೆ ಹಿಡಿದು ನೋಡುತ್ತಿದ್ದರು. ಪಟ ತೆಗೆಸದವರನ್ನೂ ನೋಡುತ್ತಿದ್ದರು. ತರಕಾರಿಯವಳನ್ನು, ಬಸ್ಸಿನ ಕಂಡಕ್ಟರನ್ನು, ಬೀದಿಯ ಹಸುವನ್ನು ಸಹ. "ಬದನೆಕಾಯಿ ಕೊಳೋದಕ್ಕೂ ಗಾಜು ಬೇಕು ಇವ್ರಿಗೆ," ಎಂದು ನೀಲಾಂಬಿಕಮ್ಮ ನಗುತ್ತಿದ್ದರು.

ಆ ಗಾಜು ಈಗಿನ ಕೆಲಸಕ್ಕೆ ಬೇಕಾದದ್ದಲ್ಲ. ಅದು ಮೂಕಿ ಸಿನಿಮಾದ ಕಾಲದ್ದು.

ಹತ್ತೊಂಬತ್ತನೇ ವಯಸ್ಸಿಗೆ ಅವರು ಮನೆಯ ಬಟ್ಟೆ ವ್ಯಾಪಾರ ಬೇಡವೆಂದು ಬೆಂಗಳೂರಿಗೆ ಹೋಗಿ ಪೇಟೆಯ ಒಂದು ಸ್ಟುಡಿಯೋದಲ್ಲಿ ಪಟ ತೊಳೆಯಲು ನಿಂತರು. ಮೂರು ವರ್ಷದ ಮೇಲೆ ಒಂದು ಸಿನಿಮಾ ಕಂಪನಿ ಅವರನ್ನು ಸ್ಟಿಲ್ ಪಟ ತೆಗೆಯಲು ಕರೆದುಕೊಂಡಿತು. ಆಗ ಸಿನಿಮಾಕ್ಕೆ ಮಾತಿರಲಿಲ್ಲ. ರಾಜ ಬರಿದೇ ಬಾಯಿ ಆಡಿಸುವುದು, ಆಮೇಲೆ ಅವನ ಮಾತು ಪರದೆಯ ಮೇಲೆ ಅಕ್ಷರವಾಗಿ ಬರುವುದು. ಆದ್ದರಿಂದ ಚಿತ್ರ ತೆಗೆಯುವಾಗ ಎಷ್ಟು ಗದ್ದಲವಾದರೂ ನಡೆಯುತ್ತಿತ್ತು. ಡೈರೆಕ್ಟರು ಪಕ್ಕದಲ್ಲೇ ನಿಂತು, "ಅಳು, ಇನ್ನೂ ಅಳು, ಈಗ ಎಡಕ್ಕೆ ತಿರುಗು, ಸೆರಗು ಬಿಡಬೇಡ!" ಎಂದು ಕೂಗುತ್ತಿದ್ದರಂತೆ. ಒಂದು ದೃಶ್ಯ ಮುಗಿದ ಕೂಡಲೇ "ಸ್ಟಿಲ್ಲು!" ಎಂದು ಕೂಗಿದರೆ ಎಲ್ಲರೂ ಇದ್ದಲ್ಲಿಯೇ ಕಲ್ಲಾಗಬೇಕು. ಆಗ ಪಂಚಾಕ್ಷರಪ್ಪನವರು ಮೂರು ಕಾಲಿನ ಸ್ಟ್ಯಾಂಡು ತಂದು ನಿಲ್ಲಿಸಿ, ಕರಿಬಟ್ಟೆ ಹೊದ್ದು, ಗಾಜಿನ ಪ್ಲೇಟಿನ ಮೇಲೆ ಪಟ ತೆಗೆಯುವುದು. ಆ ಪಟಗಳೇ ಊರೂರ ಗೋಡೆಗೆ ಹೋಗುತ್ತಿದ್ದುದು.

ಆ ಕಾಲದ ಪ್ಲೇಟಿಗೆ ಬಣ್ಣಗಳೆಲ್ಲ ಸಮವಾಗಿ ಕಾಣುತ್ತಿರಲಿಲ್ಲ. ಕೆಂಪು ಅದಕ್ಕೆ ಕಾಣುವುದೇ ಇಲ್ಲ, ಕಪ್ಪಾಗಿ ಹೋಗುತ್ತದೆ. ನೀಲಿ ಬಹಳ ಕಾಣುತ್ತದೆ, ಬೆಳ್ಳಗಾಗಿ ಬಿಡುತ್ತದೆ. ಅದಕ್ಕೇ ನಟಿಯರ ಮುಖಕ್ಕೆ ಹಳದಿ ಬೆರೆಸಿದ ಬಿಳಿ ಬಣ್ಣ ಬಳಿಯುತ್ತಿದ್ದರು. ಹಾಗೆ ಬಳಿದರೆ ಮಾತ್ರ ಹಣೆಯ ಕುಂಕುಮ ಕಪ್ಪಾಗಿಯಾದರೂ ಎದ್ದು ಕಾಣುವುದು. ಯಾವ ಬಣ್ಣ ಪಟದಲ್ಲಿ ಹೇಗೆ ಬರುತ್ತದೆಂದು ಮೊದಲೇ ತಿಳಿಯಲು ಕ್ಯಾಮೆರಾದವರು ನೀಲಿ ಗಾಜು ಇಟ್ಟುಕೊಳ್ಳುತ್ತಿದ್ದರು. ಆ ಗಾಜಿನ ಮೂಲಕ ಕಂಡ ಲೋಕವೇ ಪ್ಲೇಟು ಕಾಣುವ ಲೋಕ.

ಕಂಪನಿಯವರು ಕೊಡುವ ಪ್ಲೇಟುಗಳಲ್ಲಿ ಡಜನ್ನಿಗೆ ಒಂದನ್ನೋ ಎರಡನ್ನೋ ಪಂಚಾಕ್ಷರಪ್ಪನವರು ಬೇರೆ ತೆಗೆದಿಡುತ್ತಿದ್ದರು. ಶುರುವಾದದ್ದು ಪೆಟ್ಟಿಗೆ ಹೊರುವ ಒಬ್ಬನಿಂದ. "ನಂದೂ ಒಂದು ತೆಗೀರಿ ಸ್ವಾಮಿ, ರಾಜನ ಕೂಡೆ ಉಂಡೆ ಅಂದ್ರೆ ನಮ್ಮೂರಾಗೆ ಯಾರೂ ನಂಬಲ್ಲ," ಎಂದನಂತೆ. ಅಂದಿನಿಂದ ಅವರು ಕಿರೀಟ ಹಾಕಿಕೊಂಡು ಬೀಡಿ ಸೇದುವ ರಾಜನ ಜೊತೆಗೆ ಆ ಬೀಡಿಗೆ ಬೆಂಕಿ ಕೊಡುವವನನ್ನೂ ತೆಗೆದರು. ರಾಕ್ಷಸನ ಬಾಲ ಹೊಲಿಯುವ ಮುದುಕಿ, ಗಾಡಿ ಹೊಡೆಯುವವರು, ನೀರು ಹೊರುವವರು, ಎಲ್ಲರನ್ನೂ ತೆಗೆದರು. ಕಂಪನಿಯ ಲೆಕ್ಕದಲ್ಲಿ ಆ ಪ್ಲೇಟುಗಳ ಎದುರು "ಬೆಳಕಿನ ಪರೀಕ್ಷೆ" ಎಂದು ಬರೆಯುತ್ತಿದ್ದರು. ಒಮ್ಮೆ ಮಾಲೀಕರು, "ಏನಯ್ಯಾ, ನಿನ್ನ ಬೆಳಕು ಒಂದು ಸಲವೂ ಪಾಸಾಗಲಿಲ್ಲವಲ್ಲ," ಎಂದರಂತೆ.

ಅವರದೊಂದು ನಿಯಮವಿತ್ತು. ಪಟದಲ್ಲಿ ಯಾರಿದ್ದಾರೋ ಅವರ ಕೈಗೆ ಒಂದು ಪ್ರತಿ ತಲುಪಲೇಬೇಕು. ಅವರು ನೋಡುವ ಮೊದಲು ಬೇರೆ ಯಾರಿಗೂ ಅದನ್ನು ತೋರಿಸಬಾರದು. ಒಂದು ನೋಟುಬುಕ್ಕಿನಲ್ಲಿ ಹೆಸರು, ಊರು, ಮಾಡಿದ ಕೆಲಸ ಬರೆದು, ಪ್ರತಿ ತಲುಪಿದ ಮೇಲೆ ಎದುರಿಗೆ ಗುರುತು ಹಾಕುತ್ತಿದ್ದರು. ಮಾತಿನ ಸಿನಿಮಾ ಬಂದು ಕಂಪನಿ ಮುಚ್ಚಿದಾಗ ರಾಜರಾಣಿಯರ ಪ್ಲೇಟುಗಳನ್ನೆಲ್ಲ ಕಂಪನಿಯವರು ಒಯ್ದರು. ಅವು ಈಗ ಎಲ್ಲಿವೆಯೋ ಯಾರಿಗೂ ತಿಳಿಯದು. ಯಾರಿಗೂ ಬೇಡವಾದ ಅರವತ್ತನಾಲ್ಕು ಪ್ಲೇಟುಗಳು ಪಂಚಾಕ್ಷರಪ್ಪನವರ ಜೊತೆ ಶಿಕಾರಿಪುರಕ್ಕೆ ಬಂದವು.

ನೋಟುಬುಕ್ಕನ್ನು ನನಗೆ ತೋರಿಸಿದ್ದರು. ಪುಟ ಪುಟಕ್ಕೂ ಗುರುತುಗಳು. ಒಂದು ಕಡೆ ಮಾತ್ರ ಹಾಕಿದ ಗುರುತನ್ನು ಮತ್ತೆ ಗೀಚಿ ಅಳಿಸಿದ್ದರು. ಅಲ್ಲಿದ್ದ ಹೆಸರುಗಳು ಎರಡು. "ಗುತ್ಯಪ್ಪ, ಉಳವಿ ಹತ್ತಿರ, ಬಿಸಿಲು ಹಲಗೆ. ಅವನ ಹೆಂಡತಿ ಬಸಕ್ಕ, ಅಡಿಗೆ."

ನಾನು ಪುಟವನ್ನು ಬೇಗ ತಿರುಗಿಸಿದೆ. ಅವು ನನ್ನ ತಾಯಿಯ ತಂದೆ, ತಾಯಿಯ ಹೆಸರುಗಳು. ಹೇಳಲು ನನಗೆ ಬಾಯಿ ಬರಲಿಲ್ಲ. ನಮ್ಮ ಅಜ್ಜಿ ಬಸಕ್ಕನ ಮನೆಯಲ್ಲಿ ಪಟದ ಮಾತನ್ನೇ ಎತ್ತುವಂತಿರಲಿಲ್ಲ. ಅವಳ ಮಗ ಬಂಗಾರಪ್ಪ ಮಾವನ ಮದುವೆಗೆ ಬೀಗರು ಆನವಟ್ಟಿಯಿಂದ ಪಟದವರನ್ನು ಕರೆಸಿದಾಗ ಅಜ್ಜಿ ಅವರನ್ನು ಚಪ್ಪರದ ಹೊರಗಿನಿಂದಲೇ ಕಳುಹಿಸಿದ್ದಳು. ಕಾರಣ ಮನೆಯವರಿಗೆ ಅರ್ಧ ಮಾತ್ರ ಗೊತ್ತಿತ್ತು. ಪಟ ತೆಗೆಸಿದ ವರ್ಷವೇ ಅಜ್ಜ ಸತ್ತರು ಎಂಬುದು ಆ ಅರ್ಧ.

ಹೀಗೆ ನಾನು ಬಾಯಿ ಕಟ್ಟಿಕೊಂಡು ಇಪ್ಪತ್ತು ದಿನ ಕಳೆದೆ. ಆಮೇಲೆ ನಾನು ಹೇಳುವ ಅಗತ್ಯವೇ ಬೀಳಲಿಲ್ಲ.

ಅದು ೧೯೫೮ರ ಮಾರ್ಚ್ ತಿಂಗಳು. ಬಂಗಾರಪ್ಪ ಮಾವ ನನ್ನನ್ನು ನಾಲ್ಕು ದಿನದ ಮಟ್ಟಿಗೆ ಊರಿಗೆ ಕರೆದೊಯ್ಯಲು ಬಂದಿದ್ದ. ಶಕುಂತಲಮ್ಮನವರ ಮನೆಯ ಮುಂದೆ ಚೀಲ ಇಳಿಸಿ ಬೆವರು ಒರೆಸಿಕೊಳ್ಳುತ್ತಿದ್ದ. ಎದುರು ಮೆಟ್ಟಿಲ ಮೇಲೆ ನಿಂತಿದ್ದ ಪಂಚಾಕ್ಷರಪ್ಪನವರು ಅಭ್ಯಾಸದಂತೆ ಗಾಜನ್ನು ಕಣ್ಣಿಗೆ ಹಿಡಿದರು. ಹಿಡಿದವರು ಹಾಗೆಯೇ ನಿಂತುಬಿಟ್ಟರು. ಗಾಜು ಕೈ ಜಾರಿ ಎದೆಯ ಮೇಲೆ ಬಿತ್ತು.

"ಗುತ್ಯಪ್ಪ!" ಎಂದರು.

ಮಾವ ಹಿಂದಕ್ಕೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ. "ಗುತ್ಯಪ್ಪ ಅಂದ್ರೆ ನಮ್ಮಪ್ಪ. ಸತ್ತು ಮೂವತ್ತು ವರ್ಷ ಆತು. ನಿಮಗೆ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲಪ್ಪ. ಆ ಕಿವಿ. ಆ ಕಿವಿ ನಾನು ನೋಡೀನಿ."

ಮಾವನ ಕಿವಿಗಳು ಸ್ವಲ್ಪ ಅಗಲ, ಮುಂದಕ್ಕೆ ಬಾಗಿವೆ. ಅದಕ್ಕಾಗಿ ಊರಿನಲ್ಲಿ ಗೇಲಿ ಮಾಡಿಸಿಕೊಂಡೇ ಬೆಳೆದವನು ಅವನು. ಅವು ಯಾರಿಂದ ಬಂದವೆಂದು ಅವನಿಗೆ ತಿಳಿದಿರಲಿಲ್ಲ. ಅವನು ಹುಟ್ಟುವ ನಾಲ್ಕು ತಿಂಗಳ ಮೊದಲೇ ಅಜ್ಜ ಚಳಿಜ್ವರದಲ್ಲಿ ತೀರಿಕೊಂಡಿದ್ದರು.

"ಎಲ್ಲಿ ನೋಡಿದ್ರಿ?" ಎಂದು ಮಾವ ಕೇಳಿದ.

"ಒಳಗೆ ಐತೆ. ಪ್ಲೇಟಿನಾಗೆ."

"ತೋರಿಸ್ರಿ."

ಪಂಚಾಕ್ಷರಪ್ಪನವರು ತಲೆ ಅಲ್ಲಾಡಿಸಿದರು. "ಬಸಕ್ಕ ಬದುಕಿದಾರಲ್ಲ. ಅವರು ನೋಡ್ಲಿ ಮೊದ್ಲು. ಅವರು ಹೂಂ ಅಂದ್ರೆ ನೀನು ನೋಡು, ಬ್ಯಾಡ ಅಂದ್ರೆ ಆ ಪ್ಲೇಟು ಅವರದ್ದು. ಒಡೀತಾರೋ ಇಟ್ಕೋತಾರೋ ಅವರಿಗೆ ಬಿಟ್ಟಿದ್ದು."

"ಇದೆಂತ ಮಾತ್ರೀ! ನಮ್ಮಪ್ಪ ಆ ಗೋಡೆ ಆಚೆ ಅದಾನೆ, ನಾನು ಈ ಕಡೆ ನಿಂತೀನಿ!"

"ಬೈಯಪ್ಪ, ಬೈಸ್ಕೋತೀನಿ. ಆದ್ರೆ ತೋರಿಸಲ್ಲ."

ನೀಲಾಂಬಿಕಮ್ಮ ಮಜ್ಜಿಗೆ ತಂದು ಮಾವನ ಕೈಗಿಟ್ಟು, "ಕುಡಿಯಪ್ಪ. ಈ ಮನೇಲಿ ನಾನೂ ನಿಮ್ಮವ್ವನೂ ಸವತೇರ ಥರ ಬಾಳ್ವೆ ಮಾಡೀವಿ. ಊಟಕ್ಕೆ ಕೂತ್ರೂ ಬಸಕ್ಕ, ಎದ್ರೂ ಬಸಕ್ಕ. ಹೋಗಿ ಒಂದ್ಸಲ ಮಾತಾಡಿ ಬರ್ರಿ ಅಂದ್ರೆ ಇವ್ರಿಗೆ ಕಾಲೇ ಏಳಂಗಿಲ್ಲ. ಕರ್ಕೊಂಡು ಹೋಗು ನೀನೇ," ಎಂದರು.

ಮಜ್ಜಿಗೆ ಕುಡಿಯುವಷ್ಟರಲ್ಲಿ ಪಂಚಾಕ್ಷರಪ್ಪನವರು ನಡೆದದ್ದನ್ನು ಹೇಳಿದರು.

೧೯೨೮ರಲ್ಲಿ ಅವರ ಕಂಪನಿ ಉಳವಿಯ ಹತ್ತಿರದ ಒಂದು ಕೆರೆಯ ದಂಡೆಯಲ್ಲಿ ಚಿತ್ರ ತೆಗೆಯಲು ಬಂದಿತ್ತು. ಎಷ್ಟು ದಿನವೆಂಬುದರಲ್ಲಿ ವ್ಯತ್ಯಾಸವಿದೆ. ಅಜ್ಜಿ ಒಂಬತ್ತು ದಿನ ಎನ್ನುತ್ತಾಳೆ, ನೋಟುಬುಕ್ಕಿನಲ್ಲಿ ಹನ್ನೊಂದು ಎಂದಿದೆ. ಮೂವತ್ತೈದು ಮಂದಿಗೆ ರೊಟ್ಟಿ ಸುಡುವ ಕೆಲಸ ಅಜ್ಜಿಯದು. ಬಿಸಿಲು ಹಲಗೆ ಹಿಡಿಯುವ ಕೆಲಸ ಅಜ್ಜನದು. ಹಲಗೆಗೆ ಬೆಳ್ಳಿಯಂಥ ಬೇಗಡೆ ಕಾಗದ ಅಂಟಿಸಿರುತ್ತಾರೆ. ಅದನ್ನು ಸೂರ್ಯನ ಕಡೆ ಓರೆ ಮಾಡಿ ಹಿಡಿದು, ಬಿಸಿಲನ್ನು ರಾಣಿಯ ಮುಖದ ಮೇಲೆ ಬೀಳಿಸಬೇಕು. ಕೈ ಅಲುಗಿದರೆ ರಾಣಿಯ ಮುಖ ಕತ್ತಲಾಗುತ್ತದೆ. ಅಜ್ಜ ಅದರಲ್ಲಿ ಎರಡನೇ ದಿನಕ್ಕೇ ಪಳಗಿದರಂತೆ.

ಕೊನೆಯ ದಿನ ಪಂಚಾಕ್ಷರಪ್ಪನವರು ಇಬ್ಬರದೂ ಒಂದು ಪಟ ತೆಗೆಯುತ್ತೇನೆಂದರು. ಅಜ್ಜಿ ಕೆಂಪು ಸೀರೆ ಉಟ್ಟು ಬಂದಳು. ಅವರು ಗಾಜು ಹಿಡಿದು ನೋಡಿ, ಕೆಂಪು ಕಪ್ಪಾಗುತ್ತದೆ, ನೀಲಿ ಇದ್ದರೆ ಉಟ್ಟು ಬನ್ನಿ ಎಂದರು. ಅಜ್ಜಿ ಮನೆಗೆ ಹೋಗಿ ನೀಲಿ ಸೀರೆ ಉಟ್ಟು ಬಂದಳು. ತಿಂಗಳ ಮೇಲೆ ಅವರು ಪ್ರತಿ ತಂದುಕೊಟ್ಟಾಗ ಪಟದಲ್ಲಿ ಬಿಳಿ ಸೀರೆ ಉಟ್ಟ, ಹಣೆಯಲ್ಲಿ ಕುಂಕುಮವಿಲ್ಲದ ಹೆಂಗಸೊಬ್ಬಳು ಬದುಕಿರುವ ಗಂಡನ ಪಕ್ಕದಲ್ಲಿ ನಿಂತಿದ್ದಳು. ನಮ್ಮ ಕಡೆ ಬಿಳಿ ಸೀರೆ ಯಾರಿಗೆ ಉಡಿಸುತ್ತಾರೆಂದು ಹೇಳಬೇಕಾಗಿಲ್ಲ. ಅಜ್ಜ ನಕ್ಕರು. ಅಜ್ಜಿ ಪಟವನ್ನು ಮಗುಚಿ ಇಟ್ಟಳು. ಮಳೆಗಾಲದಲ್ಲಿ ಅಜ್ಜ ಹೋದರು. ಪಟ ಒಲೆಗೆ ಹೋಯಿತು.

"ಮಾರನೇ ವರ್ಷ ನಾನು ಆ ಕಡೆ ಹೋದಾಗ ಸುದ್ದಿ ತಿಳೀತು. ಮನೆ ತನಕ ಹೋದೆ. 'ನೀವು ನನ್ನ ಮೊದಲೇ ಮುಂಡೆ ಮಾಡಿ ಕೈಯಾಗೆ ಕೊಟ್ಟಿರಿ' ಅಂದ್ರು. ಬಂದ ದಾರೀಲೇ ವಾಪಸ್ ಬಂದೆ. ಗುರುತು ಅಳಿಸಿದೆ," ಎಂದು ಪಂಚಾಕ್ಷರಪ್ಪನವರು ಹೇಳಿ, ಕೋಟು ಹಾಕಿಕೊಳ್ಳಲು ಎದ್ದರು. ಮಾವನಿಗೆ ಆಶ್ಚರ್ಯವಾಯಿತು. ನೀಲಾಂಬಿಕಮ್ಮನಿಗೆ ಇನ್ನೂ ಹೆಚ್ಚು.

"ಇವತ್ತೇನಾ?" ಎಂದರು ಅವರು.

"ನಾಳೆ ಅಂದ್ರೆ ಮತ್ತೆ ಮೂವತ್ತು ವರ್ಷ ಆಗ್ತೈತೆ. ಪ್ರತಿ ತಯಾರೈತಲ್ಲ."

ಪ್ರತಿ ಯಾವಾಗಲೂ ತಯಾರಿತ್ತಂತೆ. ಹಳೆಯದು ಹಳದಿಯಾಗುತ್ತಿದೆ ಅನಿಸಿದಾಗಲೆಲ್ಲ ಹೊಸದು ತೆಗೆದಿಡುತ್ತಿದ್ದರು. ಅದನ್ನು ಎರಡು ರಟ್ಟುಗಳ ನಡುವೆ ಇಟ್ಟು ದಾರ ಕಟ್ಟಿ, ಕುಂಚ, ಬಣ್ಣಗಳ ಸಣ್ಣ ಪೆಟ್ಟಿಗೆಯನ್ನು ಕೋಟಿನ ಜೇಬಿಗೆ ಹಾಕಿಕೊಂಡರು. ಸೊರಬದ ಬಸ್ಸಿನಲ್ಲಿ ಆ ರಟ್ಟು ಅವರ ತೊಡೆಯ ಮೇಲೆ, ಮಾವನ ಕಣ್ಣು ಆ ರಟ್ಟಿನ ಮೇಲೆ. ಒಂದು ಸಲವೂ ಅವನು ಮತ್ತೆ ತೋರಿಸಿ ಎನ್ನಲಿಲ್ಲ. ಸೊರಬದಲ್ಲಿ ಬಸ್ಸು ಬದಲಿಸಿ ಉಳವಿಯಲ್ಲಿ ಇಳಿದು ನಡೆದು ಮನೆ ಮುಟ್ಟುವಾಗ ಬಿಸಿಲು ಇನ್ನೂ ಚುರುಕಾಗಿತ್ತು.

ಅಜ್ಜಿ ಅಂಗಳದಲ್ಲಿ ಮರದ ಕೊಡತಿಯಿಂದ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದಳು. ಮಾವನ ಹೆಂಡತಿ ತಾಯಮ್ಮತ್ತೆ ಜೊತೆಯಲ್ಲಿ ಕುಳಿತು ನಾರು ಬಿಡಿಸುತ್ತಿದ್ದಳು. ಅಜ್ಜಿ ತಲೆ ಎತ್ತದೆ, "ಯಾರದು ಕೂಡೆ ಬಂದೋರು?" ಎಂದಳು.

"ನಾನು ಬಸಕ್ಕ. ಪಟದವನು."

ಕೊಡತಿ ಒಂದು ಕ್ಷಣ ನಿಂತಿತು. ಮತ್ತೆ ಕುಟ್ಟತೊಡಗಿತು.

"ಈ ಮನೇಲಿ ಪಟ ತೆಗೆಸೋರು ಯಾರೂ ಇಲ್ಲ."

"ತೆಗೆಯಕ್ಕೆ ಬಂದಿಲ್ಲ. ಕೊಡಾಕೆ ಬಂದೀನಿ."

"ಒಂದ್ಸಲ ಕೊಟ್ರಲ್ಲ. ಸಾಲ್ದಾ?"

ಮಾವ ತಡೆಯಲಾರದೆ, "ಅವ್ವ, ನಾನು ಅಪ್ಪನ ಮುಖ ಕಂಡಿಲ್ಲ," ಎಂದ.

"ಕನ್ನಡಿ ನೋಡ್ಕ ಹೋಗು."

ತಾಯಮ್ಮತ್ತೆ ನಗು ತಡೆಯಲು ಸೆರಗು ಬಾಯಿಗಿಟ್ಟಳು. ಪಂಚಾಕ್ಷರಪ್ಪನವರು ಅಂಗಳದ ನೆಲದ ಮೇಲೆಯೇ, ಹುಣಸೆ ಸಿಪ್ಪೆಯ ರಾಶಿಯ ಪಕ್ಕ, ಕೋಟಿನ ಸಮೇತ ಕುಳಿತರು. ಚಾಪೆ ತರಲು ಹೋದ ಅತ್ತೆಯನ್ನು ಕೈಸನ್ನೆಯಲ್ಲಿ ತಡೆದರು.

"ಬಸಕ್ಕ, ಆ ದಿನ ನೀವು ಕೆಂಪು ಸೀರೆ ಉಟ್ಟಿದ್ರಿ. ಬದ್ಲಾಯಿಸ್ರಿ ಅಂದೋನು ನಾನು."

"ಗೊತ್ತು. ನಂಗೇನು ಮರೆವು ಬಂದಿಲ್ಲ."

"ನೀಲಿ ಬೆಳ್ಳಗೆ ಆಗ್ತದೆ ಅಂತ ನನಗೆ ಮೊದ್ಲೇ ಗೊತ್ತಿತ್ತು. ಗಾಜಿನಾಗೆ ನೋಡಿದ್ದೆ. ನೋಡೇ ಹೇಳಿದ್ದೆ."

ಈ ಸಲ ಕೊಡತಿ ನಿಂತೇ ಹೋಯಿತು. ಅಜ್ಜಿ ತಲೆ ಎತ್ತಿದಳು. "ಗೊತ್ತಿದ್ದೂ ಉಡ್ಸಿದ್ರಾ?"

"ಪಟ ಬೆಳಕಾಗಿ ಬರ್ಲಿ ಅಂತ ಅಷ್ಟೇ ತಲೇಲಿ ಇತ್ತು. ನೋಡೋ ಮನಷ್ರು ಬಿಳಿ ಸೀರೆ ಅಂದ್ರೆ ಏನು ತಿಳ್ಕೋತಾರೆ ಅಂತ ಹೊಳೀಲೇ ಇಲ್ಲ. ನಿಮ್ಮ ಕೈಗೆ ಪಟ ಕೊಟ್ಟಾಗ ನಿಮ್ಮ ಮುಖ ನೋಡಿ ಹೊಳೀತು. ಅಷ್ಟು ಹೊತ್ತಿಗೆ ಕೊಟ್ಟಾಗಿತ್ತು."

"ಆವಾಗ್ಲೇ ಬಾಯಿ ಬಿಟ್ಟು ಹೇಳೋಕೆ ಎಂತ ಆಗಿತ್ತು?"

"ಮಾರನೇ ವರ್ಷ ಹೇಳ್ಬೇಕು ಅಂತಲೇ ಬಂದೆ. ನೀವು ಬಾಗ್ಲಲ್ಲಿ ನಿಂತ್ರಿ. ಪಟದಾಗೆ ಹೆಂಗೆ ಕಂಡಿದ್ರೋ ಹಂಗೇ ನಿಂತಿದ್ರಿ. ನಾಲಿಗೆ ಏಳ್ಲಿಲ್ಲ."

ಪಂಚಾಕ್ಷರಪ್ಪನವರು ಕೊರಳಿನ ದಾರ ತೆಗೆದು, ಗಾಜನ್ನು ಕೋಟಿನ ತುದಿಯಿಂದ ಒರೆಸಿ ಅಜ್ಜಿಯ ಮುಂದೆ ಹಿಡಿದರು. "ಪಟ ನೋಡ್ಬೇಡಿ. ಇದರಾಗೆ ಒಂದ್ಸಲ ನೋಡ್ರಿ. ನನ್ನ ಪ್ಲೇಟಿಗೆ ಲೋಕ ಹಿಂಗೆ ಕಾಣ್ತಿತ್ತು."

ಅಜ್ಜಿ ಕೈ ಚಾಚಲಿಲ್ಲ. ತಾಯಮ್ಮತ್ತೆಯೇ ಮುಂದೆ ಬಗ್ಗಿ ಅದನ್ನು ತೆಗೆದುಕೊಂಡು ಕಣ್ಣಿಗೆ ಹಿಡಿದು ಗಂಡನ ಕಡೆ ನೋಡಿ, "ಅಯ್ಯಯ್ಯೋ, ಇವ್ರು ಇದ್ದಲಿನ ಥರ ಕಾಣ್ತಾರೆ!" ಎಂದಳು.

"ಇಲ್ದಿದ್ರೆ ಎಂತ, ಬೆಳ್ಳಗೆ ಇದ್ನ ಅವ್ನು?" ಎಂದಳು ಅಜ್ಜಿ. ಆದರೆ ಕೈ ಮುಂದೆ ಬಂದಿತ್ತು. ಗಾಜನ್ನು ಕಣ್ಣಿಗಿಟ್ಟು ಸೊಸೆಯನ್ನು ನೋಡಿದಳು. ನೋಡಿದವಳೇ ಬೆಚ್ಚಿ ಗಾಜು ಇಳಿಸಿದಳು.

ತಾಯಮ್ಮತ್ತೆಯ ಹಣೆಯ ಮೇಲೆ ಕುಂಕುಮ ದುಂಡಗೆ, ಕೆಂಪಗೆ ಇತ್ತು. ಅಜ್ಜಿ ಮತ್ತೆ ಗಾಜು ಏರಿಸಿದಳು. ಮತ್ತೆ ಇಳಿಸಿದಳು. ನಾನೂ ಆಮೇಲೆ ನೋಡಿದ್ದೇನೆ. ಗಾಜಿನೊಳಗೆ ಅತ್ತೆಯ ಕಂದು ಮೈಬಣ್ಣ ಕಪ್ಪಾಗುತ್ತದೆ, ಕುಂಕುಮವೂ ಕಪ್ಪಾಗುತ್ತದೆ, ಒಂದರಲ್ಲಿ ಒಂದು ಮುಳುಗಿ ಹಣೆ ಬರಿದಾಗುತ್ತದೆ.

"ಥೂ, ನನ್ನ ಸೊಸೇನ ಎಂತ ಮಾಡಿ ತೋರಿಸ್ತೀರಿ ನೀವು!" ಎಂದು ಅಜ್ಜಿ ಸಿಟ್ಟಾದಳು.

"ನನಗೆಂತ ಆಗಿಲ್ಲತ್ತೆ," ಎಂದು ತಾಯಮ್ಮತ್ತೆ ನಕ್ಕಳು. "ನಾನು ಇಲ್ಲೇ ಇದೀನಿ, ಇವ್ರೂ ಇಲ್ಲೇ ಇದಾರೆ, ಕುಂಕುಮಾನೂ ಇಲ್ಲೇ ಅದೆ. ಇನ್ನೊಂದ್ಸಲ ನೋಡಿ ಬೇಕಾದ್ರೆ." ಅವಳು ಗಂಡನ ತೋಳು ಹಿಡಿದು ಎಳೆದು ಪಕ್ಕದಲ್ಲಿ ನಿಲ್ಲಿಸಿಕೊಂಡಳು. ಮಾವನಿಗೆ ಎಲ್ಲರೆದುರು ನಾಚಿಕೆಯಾಗಿ ಕಿವಿ ಕೆಂಪಾಯಿತು.

ಅಜ್ಜಿ ಅವರಿಬ್ಬರನ್ನೂ ಬಹಳ ಹೊತ್ತು ನೋಡಿದಳು, ಗಾಜು ಹಿಡಿದು ಒಮ್ಮೆ, ಬರಿಗಣ್ಣಿನಿಂದ ಒಮ್ಮೆ. ಆಮೇಲೆ ಗಾಜನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಎದ್ದು ಒಳಗೆ ಹೋದಳು. ಟ್ರಂಕು ತೆರೆದ ಸದ್ದು ಕೇಳಿತು. ಬರುವಾಗ ಕೈಯಲ್ಲಿ ಒಂದು ಹಳೆಯ ನೀಲಿ ಸೀರೆ ಇತ್ತು, ಮಡಿಕೆಗಳಲ್ಲಿ ಸವೆದದ್ದು. ಅದು ಇನ್ನೂ ಮನೆಯಲ್ಲಿದೆಯೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಜಗುಲಿಯ ಮೇಲೆ ಹರಡಿ, ತಾನು ಉಟ್ಟಿದ್ದ ಬಿಳಿ ಸೀರೆಯ ಸೆರಗನ್ನು ಅದರ ಪಕ್ಕಕ್ಕೆ ಎಳೆದಿಟ್ಟುಕೊಂಡು ಗಾಜಿನಲ್ಲಿ ನೋಡಿದಳು.

ಎರಡೂ ಒಂದೇ ಬಣ್ಣವಾಗಿದ್ದಿರಬೇಕು. ಅಜ್ಜಿ ಬೆರಳಿನಿಂದ ಮುಟ್ಟಿ ಯಾವುದು ಯಾವುದೆಂದು ಗುರುತಿಸುತ್ತಿದ್ದಳು.

"ಕುರುಡು ನಿಮ್ಮ ಪ್ಲೇಟು," ಎಂದಳು ಕೊನೆಗೆ.

"ಹೌದು ಬಸಕ್ಕ. ಅರೆಗುರುಡು."

"ಇಷ್ಟು ತೋರಿಸೋಕೆ ಮೂವತ್ತು ವರ್ಷ ಬೇಕಾತು. ನಾನು ಇಷ್ಟು ಕಾಲ ಎಂತ ತಿಳ್ಕೊಂಡಿದ್ದೆ ಗೊತ್ತಾ? ನೀಲಿ ಉಡೋದಕ್ಕೆ ಒಪ್ಕೊಂಡೆನಲ್ಲ, ಅದರಿಂದಲೇ ಅವರು ಹೋದ್ರು ಅಂತ. ಬಾಯಲ್ಲಿ ನಿಮ್ಮನ್ನ ಬೈದೆ, ಒಳಗೆ ಮಾತ್ರ ನಿಮ್ಮ ತಪ್ಪಲ್ಲ, ನಂದು ಅಂತ."

ಪಂಚಾಕ್ಷರಪ್ಪನವರು ಮುಖ ಆ ಕಡೆ ತಿರುಗಿಸಿದರು. ತಾವು ಹೊತ್ತ ತಪ್ಪಿನ ಭಾರವನ್ನೇ ಅವಳೂ ಹೊತ್ತಿದ್ದಳೆಂಬುದು ಅವರಿಗೆ ಹೊಳೆದಿರಲಿಲ್ಲ.

ಅಜ್ಜಿ ಕೈ ಒರೆಸಿಕೊಂಡು, "ಕೊಡಿ ಎಲ್ಲಿ," ಎಂದಳು.

ಅವರು ದಾರ ಬಿಚ್ಚಿ ಪಟ ಕೊಟ್ಟರು. ಅಜ್ಜಿ ಪಟವನ್ನು ಮೊದಲು ದೂರ ಹಿಡಿದಳು, ಆಮೇಲೆ ಹತ್ತಿರ ತಂದಳು. ಮಾವ ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದ. ಬಗ್ಗಿ ನೋಡಲಿಲ್ಲ. ಅಷ್ಟು ಹೊತ್ತಿಗೆ ಪಂಚಾಕ್ಷರಪ್ಪನವರ ನಿಯಮ ಅವನಿಗೂ ಅರ್ಥವಾಗಿತ್ತೆಂದು ತೋರುತ್ತದೆ.

"ಇವ್ರು ಹಲಗೆ ಯಾಕೆ ಹಿಂಗೆ ಹಿಡ್ದಿದಾರೆ ನೋಡಿದ್ರಾ?" ಎಂದಳು ಅಜ್ಜಿ.

"ಅದೊಂದು ನನಗೆ ಬಗೆಹರೀಲಿಲ್ಲ. ಕೆಲಸ ಮುಗಿದಿತ್ತಲ್ಲ, ಭಾರ ಅಂತ ಪಕ್ಕಕ್ಕೆ ಓರೆ ಮಾಡಿಕೊಂಡಿದ್ದ ಅಂತ ಮಾಡಿದ್ದೆ."

"ಭಾರವೂ ಇಲ್ಲ, ಎಂತದೂ ಇಲ್ಲ. ಬೇಕಂತಲೇ ನನ್ನ ಮೇಲೆ ಬಿಸಿಲು ಬಿಟ್ಟಿದ್ದು." ಅಜ್ಜಿಯ ದನಿಯಲ್ಲಿ ನಾನು ಎಂದೂ ಕೇಳದ ಹುಡುಗಾಟಿಕೆ ಇತ್ತು. "ಅಷ್ಟು ದಿನವೂ ಇದೇ ಆಟ. ನಾನು ಒಲೆ ಮುಂದೆ ರೊಟ್ಟಿ ತಟ್ಟಿದ್ರೆ ಅಲ್ಲಿಂದ ಫಳ್ ಅಂತ ಕಣ್ಣಿಗೆ ಹೊಡೆಯೋರು. ಬೈದ್ರೆ, 'ರಾಣಿಗೆ ಹಾಕಿ ಮಿಕ್ಕಿದ್ದು ನಿಂಗೆ' ಅನ್ನೋರು. ಆ ದಿನವೂ ನೀವು ಬಟ್ಟೆ ಒಳಗೆ ತಲೆ ಹಾಕಿದ್ದೇ ತಿರುಗಿಸಿದ್ರು. ಅದಕ್ಕೇ ನಾನು ಕೈ ಅಡ್ಡ ಹಿಡಿದದ್ದು. ನೋಡಿ."

ಆಗ ಅವಳು ಪಟವನ್ನು ನಮ್ಮ ಕಡೆ ತಿರುಗಿಸಿದಳು.

ಇಪ್ಪತ್ತನಾಲ್ಕು ವರ್ಷದ ಒಬ್ಬಳು ಹೆಂಗಸು ಹುಬ್ಬಿಗೆ ಕೈ ಅಡ್ಡ ಹಿಡಿದು, ಕಣ್ಣು ಕಿರಿದು ಮಾಡಿ, ನಗು ಬಿಗಿಹಿಡಿದು ನಿಂತಿದ್ದಾಳೆ. ಬೆಳಕು ಅವಳ ಸೀರೆಯ ಮೇಲೆ ಬಿದ್ದು ಪಟದಲ್ಲೆಲ್ಲ ಅದೊಂದೇ ಹೊಳೆಯುತ್ತಿದೆ. ಪಕ್ಕದಲ್ಲಿ ಎತ್ತರದ ಹಲಗೆ ಹಿಡಿದ ಗಂಡಸು ಕ್ಯಾಮೆರಾ ನೋಡುತ್ತಿಲ್ಲ, ಹೆಂಡತಿಯನ್ನು ನೋಡುತ್ತಿದ್ದಾನೆ. ಅರ್ಧ ಮುಖವಷ್ಟೇ ಕಾಣುತ್ತದೆ. ಕಿವಿ ಪೂರ್ತಿ ಕಾಣುತ್ತದೆ.

ಮಾವ ತನ್ನ ಕಿವಿ ಮುಟ್ಟಿಕೊಂಡ. ಪಟವನ್ನು ಎರಡೂ ಕೈಯಲ್ಲಿ ಹಿಡಿದು ಅಂಗಳದ ಅಂಚಿಗೆ ಹೋಗಿ ನಮಗೆ ಬೆನ್ನು ಮಾಡಿ ನಿಂತ. ತಾಯಮ್ಮತ್ತೆ ಹೋಗಲು ಎದ್ದಳು. ಅಜ್ಜಿ ಅವಳ ಸೆರಗು ಹಿಡಿದು ಕೂರಿಸಿದಳು.

ಅವನು ವಾಪಸ್ಸು ಬಂದಮೇಲೆ ಪಂಚಾಕ್ಷರಪ್ಪನವರು ಬಣ್ಣದ ಪೆಟ್ಟಿಗೆ ತೆಗೆದರು. ಪಟಕ್ಕೆ ಬಣ್ಣ ಹಾಕುವುದು ಅವರ ಕಸುಬಿನಲ್ಲೇ ಇದ್ದದ್ದು. "ಸೀರೆ ಇಲ್ಲೇ ಐತಲ್ಲ. ಇದರ ನೀಲೀನೇ ಕಲಸಿ ಹಾಕಿಬಿಡ್ತೀನಿ. ಬಿಳಿ ಕಾಣಂಗಿಲ್ಲ," ಎಂದರು.

ಅಜ್ಜಿ ಪಟವನ್ನು ಎದೆಗೆ ಒತ್ತಿಕೊಂಡಳು. "ಬ್ಯಾಡ. ನೀಲಿ ಹಾಕಿದ್ರೆ ಅವರು ಬಿಟ್ಟ ಬಿಸಿಲು ಹೋಗ್ತದೆ. ಅದು ಹಂಗೇ ಇರ್ಲಿ."

ಪಂಚಾಕ್ಷರಪ್ಪನವರು ನೀಲಿಯ ಮುಚ್ಚಳ ಹಾಕಿದರು.

"ಕುಂಕುಮ ಒಂದು ಇಡಿ," ಎಂದಳು ಅಜ್ಜಿ ಸ್ವಲ್ಪ ತಡೆದು.

ಅವರು ಕೂದಲಿನಷ್ಟು ಸಣ್ಣ ಕುಂಚವನ್ನು ನಾಲಿಗೆಗೆ ತಾಗಿಸಿ, ಕೆಂಪು ತೆಗೆದುಕೊಂಡು, ಉಸಿರು ಹಿಡಿದು, ಅಡ್ಡ ಹಿಡಿದ ಕೈಯ ನೆರಳಿನ ಕೆಳಗೆ ಒಂದು ಚುಕ್ಕೆ ಇಟ್ಟರು.

"ಇಷ್ಟೇಯಾ? ನಾನು ಸಾಸಿವೆ ಕಾಳು ಇಟ್ಕೊಳ್ತಿದ್ನಾ? ದೊಡ್ಡದು ಇಡಿ."

ಇನ್ನಷ್ಟು ದೊಡ್ಡದು ಮಾಡಿದರು.

"ಇನ್ನೂ."

"ಬಸಕ್ಕ, ಹಣೆ ಮೀರಿ ಹೋಗ್ತೈತೆ."

"ಹೋಗ್ಲಿ. ಅವತ್ತು ದೊಡ್ಡದೇ ಇಟ್ಕೊಂಡು ಬಂದಿದ್ದೆ."

ಆ ಪಟದಲ್ಲಿ ಈಗಲೂ ಬಣ್ಣವೆಂದರೆ ಅದೊಂದೇ. ಕುಂಕುಮ ನಿಜಕ್ಕೂ ಹಣೆಗೆ ಸ್ವಲ್ಪ ಹೆಚ್ಚಾಗಿದೆ.

ಹೊರಡುವಾಗ ಅಜ್ಜಿ ಬಾಳೆಲೆಯಲ್ಲಿ ಅಕ್ಕಿ ರೊಟ್ಟಿ, ಚಟ್ನಿ ಕಟ್ಟಿ ಕೊಟ್ಟಳು. ಅವರು ಬೇಡವೆಂದಾಗ, "ಮೂವತ್ತೈದು ಮಂದಿಗೆ ಸುಟ್ಟ ಕೈ ಇದು. ಒಬ್ರಿಗೆ ಸುಡೋದು ಭಾರ ಆಗಲ್ಲ. ನಿಮ್ಮ ಮನೆಯವರಿಗೂ ಇಟ್ಟಿದೀನಿ," ಎಂದಳು. ಪಂಚಾಕ್ಷರಪ್ಪನವರು ಕೋಟಿನ ಒಳಜೇಬಿನಿಂದ ನೋಟುಬುಕ್ಕು ತೆಗೆದು ಆ ಪುಟ ತೆರೆದು, ಗೀಚಿ ಅಳಿಸಿದ ಜಾಗವನ್ನು ತೋರಿಸಿ, ಇಲ್ಲಿ ಮತ್ತೆ ಗುರುತು ಹಾಕಲೇ ಎಂದು ಕೇಳಿದರು.

"ತಲುಪಿದ್ದು ನಂಗೆ. ಗುರುತು ನೀವು ಯಾಕೆ ಹಾಕ್ತೀರಿ? ಇತ್ಲಾಗೆ ಕೊಡಿ." ಅಜ್ಜಿಗೆ ಓದು ಬರಹ ಬಾರದು. ಅಂಗಳದ ಹುಣಸೆಹಣ್ಣಿನಲ್ಲಿ ಹೆಬ್ಬೆಟ್ಟನ್ನು ಅದ್ದಿ ಆ ಜಾಗದಲ್ಲಿ ಒತ್ತಿಬಿಟ್ಟಳು.

ನಾನು ಶಿಕಾರಿಪುರಕ್ಕೆ ಮರಳಿದ ಮೇಲೆ ಒಂದು ದಿನ ನೀಲಾಂಬಿಕಮ್ಮ ಸ್ಟುಡಿಯೋದ ಮೆಟ್ಟಿಲ ಮೇಲೆ ಆ ನೋಟುಬುಕ್ಕನ್ನು ಬಿಸಿಲಿಗೆ ಬಿಚ್ಚಿಟ್ಟು ಕೊಡವುತ್ತಿದ್ದರು. ಹೆಬ್ಬೆಟ್ಟಿನ ಕಂದು ಗುರುತಿನ ಸುತ್ತ ಕೆಂಪು ಇರುವೆಗಳು ಸಾಲು ಹಿಡಿದಿದ್ದವು.

"ನೋಡು, ನಿಮ್ಮಜ್ಜಿ ಇನ್ನೂ ನಮ್ಮನೆ ಬಿಟ್ಟು ಹೋಗಿಲ್ಲ," ಎಂದರು.

ಒಳಗಿನಿಂದ ಪಂಚಾಕ್ಷರಪ್ಪನವರು, "ಒರೆಸಬ್ಯಾಡ ಮಾರಾಯ್ತಿ! ಇರುವೆ ತಾವೇ ಹೋಗ್ತವೆ," ಎಂದು ಕೂಗಿದರು.